ಚುಕ್ಕಿ ನಿಂತರೆ ಕೀ ನಂದು

ಚಳ್ಳಕೆರೆಯ ಸುಲೋಚನಮ್ಮನವರ ಮನೆಗೆ ಯಾವ ಹೊಸ ವಸ್ತು ಬಂದರೂ ಮೊದಲು ಯಜಮಾನರು ಕೊಟ್ಟೂರಪ್ಪನವರಿಗೆ, ಆಮೇಲೆ ಮಗ ಅಮರೇಶನಿಗೆ, ಅವರಿಬ್ಬರಿಗೂ ಬೇಡವಾದ ಮೇಲೆ ಸುಲೋಚನಮ್ಮನವರಿಗೆ. ಹೀಗೆಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಆದರೆ ಯಾರೂ ಮೀರಿದ್ದೂ ಇಲ್ಲ. ಮೊಬೈಲೂ ಹಾಗೆಯೇ ಬಂತು. ಅಮರೇಶ ತಾನು ಹೊಸದು ಕೊಂಡ ದಿನ, ಮೂಲೆಯಲ್ಲಿ ಗಾಜು ಬಿರುಕು ಬಿಟ್ಟ ಹಳೆಯದನ್ನು ಅವ್ವನ ಕೈಗಿಟ್ಟು, "ನಿನಗೆ ಫೋನ್ ಮಾಡಾಕೆ, ವಾಟ್ಸಾಪ್ ನೋಡಾಕೆ ಇಷ್ಟು ಸಾಕು ಬಿಡವ್ವ" ಎಂದ.

ಇಷ್ಟು ಸಾಕು ಎಂಬ ಮಾತು ಕೇಳಿದರೆ ಸುಲೋಚನಮ್ಮನವರಿಗೆ ಮೈ ಉರಿಯುತ್ತದೆ. ಓದಿದ್ದು ಸಾಕು ಎಂದು ಎಸ್ಸೆಸ್ಸೆಲ್ಸಿಗೇ ಶಾಲೆ ಬಿಡಿಸಿದರು. ಸೈಕಲ್ ಕಲಿತದ್ದು ಸಾಕು, ಇನ್ನು ಬೀದಿಯಲ್ಲಿ ಓಡಿಸಬೇಡ ಎಂದರು. ಆಗೆಲ್ಲ ಬಾಯಿ ಮುಚ್ಚಿಕೊಂಡು ಕೇಳಿದವರು ಮೊಬೈಲಿನ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ವರ್ಷ ತಿರುಗುವುದರೊಳಗೆ ಕರೆಂಟ್ ಬಿಲ್ಲನ್ನು ಅದರಲ್ಲೇ ಕಟ್ಟಿದರು. ಮಾರ್ಕೆಟ್ಟಿನ ಶೇಂಗಾ ಧಾರಣೆಯನ್ನು ಗಂಡನಿಗಿಂತ ಮೊದಲು ತಿಳಿದುಕೊಂಡು ಅಡುಗೆಮನೆಯಿಂದ ಕೂಗಿ ಹೇಳಿದರು. ಮ್ಯಾಪು ತೆರೆದು ಅಕ್ಕನ ಊರು ಮೊಳಕಾಲ್ಮೂರಿಗೆ ಬೆರಳಲ್ಲೇ ಹೋಗಿ ಬಂದರು. ಹೀಗೆ ಬೆರಳಲ್ಲಿ ಹೋಗಿ ಬಂದು ಬಂದು, ಕೊನೆಗೊಂದು ದಿನ ಕಾರಲ್ಲೇ ಹೋಗಬೇಕು ಅನ್ನಿಸಿತು.

ಕಾರು ಮನೆಯಲ್ಲೇ ಇತ್ತು. ಕೊಟ್ಟೂರಪ್ಪನವರ ದೃಷ್ಟಿ ಮಂಜಾಗಿ ಡಾಕ್ಟರು ಸ್ಟೇರಿಂಗ್ ಮುಟ್ಟಬೇಡಿ ಎಂದ ಮೇಲೆ ಅದು ಹೊದಿಕೆ ಹೊದ್ದು ಅಂಗಳದಲ್ಲಿ ಮಲಗಿತ್ತು. ಅಮರೇಶನಿಗೋ, ಕಾರು ಓಡಿಸಲು ಬಂದರೂ, ಎಣ್ಣೆ ಗಿರಣಿ ಮತ್ತು ಬೈಕು ಬಿಟ್ಟರೆ ಬೇರೆ ಲೋಕವಿಲ್ಲ. ಸುಲೋಚನಮ್ಮ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಬೀದಿಯವರು ನಕ್ಕರು, ಗಂಡನೂ ನಕ್ಕರು, ಆದರೆ ಕೊಟ್ಟೂರಪ್ಪನವರ ನಗುವಿನಲ್ಲಿ ಹೆಮ್ಮೆಯೂ ಇತ್ತು. ಲೈಸೆನ್ಸೂ ಬಂತು. ನಡುವೆ ಒಂದೇ ಒಂದು ಎಡವಟ್ಟು. ಗಿರಣಿಯ ಅಂಗಳದಲ್ಲಿ ರಿವರ್ಸ್ ತೆಗೆಯುತ್ತ, ಒಣಗಲು ಹರವಿದ್ದ ಶೇಂಗಾದ ಮೇಲೆ ಈ ಕಡೆಯಿಂದ ಆ ಕಡೆವರೆಗೆ ಕಾರು ಹತ್ತಿಸಿಬಿಟ್ಟರು. "ಇನ್ನು ನಮ್ಮ ಗಿರಣಿಗೆ ಕಾಯಿ ಒಡೆಯೋ ಮಿಷನ್ ಬ್ಯಾಡ, ನಮ್ಮವ್ವನ ಕಾರೈತೆ" ಎಂದು ಅಮರೇಶ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಕಾರಿನ ಕೀ ದೇವರ ಕೋಣೆಯ ಪಕ್ಕದ ಮೊಳೆಯಿಂದ ಅವನ ಜೇಬಿಗೆ ಹೋಯಿತು. ಬೀದಿ ಸುತ್ತಲು ಕೇಳಿದರೆ ಕೊಡುತ್ತಿದ್ದ. ಊರು ದಾಟಲು ಕೇಳಿದರೆ ಮಾತು ಮರೆಸುತ್ತಿದ್ದ.

ಊರು ದಾಟಬೇಕಾದದ್ದು ಅಕ್ಕ ಶಾರದಮ್ಮನಿಗಾಗಿ. ಮಂಡಿ ಹಿಡಿದುಕೊಂಡ ಮೇಲೆ ಶಾರದಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು. ಮೊಳಕಾಲ್ಮೂರಿನ ಮನೆಯ ಜಗುಲಿಯಲ್ಲಿ ಕೂತು, ಎದುರು ಮನೆಯ ಮಗ್ಗದ ಸದ್ದು ಕೇಳುತ್ತ ಕಾಲ ಹಾಕುತ್ತಿದ್ದರು. ಯಾರದಾದರೂ ಕಾರಿನಲ್ಲಿ ಹೋದರೂ ಹಿಂದಿನ ಸೀಟಿನಲ್ಲಿ, ಚೀಲಗಳ ನಡುವೆ. "ಸುಲೋಚನಾ, ನೀನು ಓಡಿಸ್ತಿರ್ಬೇಕು, ನಾನು ಮುಂದ್ಗಡೆ ಕುಂತು ಬರ್ಬೇಕು. ಅದೊಂದಾದ್ರೆ ಸಾಕು ನೋಡು" ಎಂದು ವಿಡಿಯೋ ಕಾಲಿನಲ್ಲಿ ಹೇಳಿದ್ದರು. ಈ ಸಾಕು ಬೇರೆಯವರು ಅಳೆದು ಕೊಟ್ಟದ್ದಲ್ಲ. ಅದಕ್ಕೇ ಸುಲೋಚನಮ್ಮ ಹಟ ಹಿಡಿದರು.

ಅಮರೇಶ ತಲೆ ಕೆರೆದುಕೊಂಡು ಒಪ್ಪಿದ. ಆದರೆ ಒಂದು ಶರತ್ತು ಹಾಕಿದ.

"ಲೈವ್ ಲೊಕೇಶನ್ ಹಾಕ್ಕೊಂಡು ಹೋಗ್ಬೇಕು. ನಾನು ಗಿರಣಿಯಾಗೆ ಕುಂತು ನೋಡ್ತಿರ್ತೀನಿ. ನೀನು ಹೋದಂಗೆಲ್ಲ ಮ್ಯಾಪಿನಾಗೆ ಚುಕ್ಕಿ ಹೋಗ್ತಿರ್ಬೇಕು. ಚುಕ್ಕಿ ನಿಂತ್ರೆ ಕೀ ನಂದು. ಆಮ್ಯಾಲೆ ಕಾರಿನ ಮಾತೇ ಎತ್ತಂಗಿಲ್ಲ."

"ಯಾರ ಚುಕ್ಕಿ?" ಎಂದರು ಸುಲೋಚನಮ್ಮ. "ನಂದೊಂದೇ ಯಾಕೆ? ನಿಂದೂ ಹಾಕು. ನಾನು ದಾರಿ ಮ್ಯಾಲಿದ್ದಾಗ ನೀನು ಫೋನ್ ಆಫ್ ಮಾಡ್ಕೊಂಡು ಮಲಗಿದ್ರೆ?"

ಅಮರೇಶ ನಕ್ಕ. "ಆಗ್ಲಿ ತಗಾ, ನಂದೂ ಹಾಕ್ತೀನಿ. ಯಾರ ಚುಕ್ಕಿ ನಿಂತ್ರೂ ಅವರು ಸೋತಂಗೆ."

"ನಾನು ಸಾಕ್ಷಿ" ಎಂದರು ಕೊಟ್ಟೂರಪ್ಪ, ಹಣೆಯ ಮೇಲಿನ ವಿಭೂತಿ ಸುಕ್ಕಾಗುವಷ್ಟು ನಗುತ್ತ.

ಶರತ್ತಿಗೆ ಒಪ್ಪಿಯೇನೋ ಆಯಿತು, ಆದರೆ ಸುಲೋಚನಮ್ಮನವರಿಗೆ ಫೋನಿನದೇ ಚಿಂತೆ. ದಸರಾ ಕಳೆದಾಗಿನಿಂದ ಅವರ ಫೋನು ಚಾರ್ಜಿಗೆ ಮೊಂಡು ಹಿಡಿದಿತ್ತು. ವೈರು ಚುಚ್ಚಿದರೆ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಇಲ್ಲ. ಎಡಕ್ಕೆ ಬಗ್ಗಿಸಿ ಹಿಡಿದರೆ ಮಾತ್ರ ಚಾರ್ಜು ಏರುತ್ತಿತ್ತು, ಕೈ ಬಿಟ್ಟರೆ ನಿಲ್ಲುತ್ತಿತ್ತು. ಹಗಲೆಲ್ಲ ಹಿಡಿದುಕೊಂಡು ಕೂರಲು ಅವರಿಗೇನು ಬೇರೆ ಕೆಲಸವಿಲ್ಲವೇ? ಹಾಗಾಗಿ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ವೈರನ್ನು ಬಗ್ಗಿಸಿ, ಮೇಲೆ ಕುಟ್ಟಾಣಿಯ ಗುಂಡು ಹೇರಿ ಬಿಡುತ್ತಿದ್ದರು. ಗುಂಡು ಅಲ್ಲಾಡದಿದ್ದರೆ ಬೆಳಗಾಗುವುದರೊಳಗೆ ಫೋನು ತುಂಬುತ್ತಿತ್ತು. ಅತ್ತ ಗಿರಣಿಯಲ್ಲಿ ಅಮರೇಶನೂ ವೈರಿನ ಮೇಲೆ ವೈರು ಬದಲಿಸುತ್ತ, "ಈಗಿನ ಮಾಲೆಲ್ಲ ಡೂಪ್ಲಿಕೇಟು" ಎಂದು ಬೈಯುತ್ತಿದ್ದ. ಮನೆಯಲ್ಲಿ ಕೊಟ್ಟೂರಪ್ಪನವರ ಫೋನೊಂದೇ ಸುಖವಾಗಿತ್ತು.

ಹೊರಡುವ ಹಿಂದಿನ ದಿನ ಸುಲೋಚನಮ್ಮ ಖಾಸಿಂ ಸಾಬರ ಅಂಗಡಿಗೆ ಹೋದರು. ಒಂದು ಕಡೆ ಕಾರಿನ ಸೀಟ್ ಕವರು, ಹಾರನ್ನು, ಇನ್ನೊಂದು ಕಡೆ ಮೊಬೈಲಿನ ಸಾಮಾನು. ಸಾಬರು ಕೆಲಸದ ಮೇಲೆ ಹೊರಗೆ ಹೋಗಿದ್ದರು, ಮಗಳು ಆಯೇಷಾ ಗಲ್ಲೆಯಲ್ಲಿದ್ದಳು. ಕಾರಿನಲ್ಲೇ ಚಾರ್ಜು ಮಾಡುವ ಚಾರ್ಜರು, ಹೊಸ ವೈರು, ಗಾಜಿಗೆ ಅಂಟಿಸುವ ಫೋನ್ ಸ್ಟ್ಯಾಂಡು, ಎಲ್ಲ ತೆಗೆದಿಟ್ಟಳು. ಫೋನಿಗೆ ವೈರು ಚುಚ್ಚಿ ನೋಡಿ ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ವೈರ್ ಚೆನ್ನಾಗೈತೆ. ಫೋನಿನ ಬಾಯಾಗೆ ಏನೋ ತುಂಬ್ಕೊಂಡೈತೆ, ಪೂರಾ ಒಳಗೆ ಹೋಗ್ತಿಲ್ಲ. ಬಿಟ್ಟು ಹೋಗ್ರಿ, ನಾಳೆ ಅಬ್ಬಾ ಬಂದು ನೋಡ್ತಾರೆ."

ನಾಳೆಯೇ ಪ್ರಯಾಣ. ಫೋನು ಬಿಟ್ಟರೆ ಶರತ್ತಿಲ್ಲ, ಶರತ್ತಿಲ್ಲದಿದ್ದರೆ ಕೀ ಇಲ್ಲ. "ಬ್ಯಾಡ ಕಣಮ್ಮ, ನಮ್ಮನೇಲಿ ಗುಂಡು ಐತೆ" ಎಂದು ಸುಲೋಚನಮ್ಮ ಫೋನು ಕಸಿದುಕೊಂಡು ಬಂದರು. ಯಾವ ಗುಂಡೆಂದು ತಿಳಿಯದೆ ಆಯೇಷಾ ನೋಡುತ್ತಲೇ ನಿಂತಳು.

ಮರುದಿನ ಬೆಳಿಗ್ಗೆ ನೋಡಿದರೆ ಗುಂಡು ಇರಲಿಲ್ಲ. ಕೊಟ್ಟೂರಪ್ಪ ಬೇಗ ಎದ್ದು, ಇವತ್ತು ಹೆಂಡತಿ ದೂರ ಹೋಗುವವಳು, ತಾನೇ ಟೀ ಮಾಡಿ ಕೊಡೋಣವೆಂದು ಶುಂಠಿ ಜಜ್ಜಲು ಅದನ್ನು ತೆಗೆದಿದ್ದರು. ಫೋನು ಕಾಲು ಭಾಗವೂ ತುಂಬಿರಲಿಲ್ಲ. ಮದುವೆಯಾದಾಗಿನಿಂದ ಆ ಮನುಷ್ಯ ಟೀ ಮಾಡಿದ್ದು ಇದೇ ಮೊದಲು, ಅದೂ ಇವತ್ತೇ! ಬೈಯಲೂ ಬಾಯಿ ಬರಲಿಲ್ಲ. ಟೀ ಚೆನ್ನಾಗಿಯೇ ಇತ್ತು.

ಕಾರಿನೊಳಗೆ ಇನ್ನೊಂದು ತಕರಾರು. ಡ್ಯಾಶ್‌ಬೋರ್ಡಿನ ನಡುಮಧ್ಯೆ ಕೊಟ್ಟೂರಪ್ಪನವರು ಕೂರಿಸಿದ ಹಿತ್ತಾಳೆಯ ಬಸವಣ್ಣ. ಸ್ಟ್ಯಾಂಡನ್ನು ಗಾಜಿಗೆ ಅಂಟಿಸಿದರೆ ಬಸವಣ್ಣ ಅಡ್ಡ. ಪಕ್ಕಕ್ಕೆ ಅಂಟಿಸಿದರೆ ಕಳಚಿ ಬಿತ್ತು, ಮತ್ತೆ ಅಂಟಿಸಿದರೆ ಮತ್ತೆ ಬಿತ್ತು. ಸುಲೋಚನಮ್ಮ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ, ಫೋನನ್ನು ಬಸವಣ್ಣನ ಡುಬ್ಬಕ್ಕೆ ಒರಗಿಸಿ, ಎರಡು ಸುತ್ತು ಸುತ್ತಿದರು. "ಅಪ್ಪಾ, ಶಿವನ್ನೇ ಹೊತ್ತೋನು ನೀನು, ಇದೊಂದು ಹೊತ್ಕೋ" ಎಂದು ಕೈ ಮುಗಿದರು. ಕೊಟ್ಟೂರಪ್ಪ ಚಕ್ರದಡಿ ನಿಂಬೆಹಣ್ಣು ಇಟ್ಟರು. ಅಮರೇಶ ಕೀ ಕೊಟ್ಟ.

ಊರು ದಾಟಿ ಹೈವೇ ಸೇರಿದಾಗ ಸುಲೋಚನಮ್ಮ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಬಳ್ಳಾರಿ ಕಡೆಯ ಲಾರಿಗಳು ಬುಸ್ಸೆಂದು ಪಕ್ಕದಲ್ಲೇ ಹೋದವು. ಒಂದೆರಡು ಲಾರಿ ದಾಟಿದ ಮೇಲೆ ಹಿಡಿತ ಸಡಿಲವಾಯಿತು. ಎರಡೂ ಕಡೆ ಬಯಲು, ಅದರಾಚೆ ಶೇಂಗಾ ಕಿತ್ತ ಹೊಲಗಳು. ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ಕಂಡ ದಾರಿ ಇದು, ಆದರೆ ಮುಂದಿನ ಗಾಜಿನಿಂದ ನೋಡಿದ್ದು ಇದೇ ಮೊದಲು. ಸಂತೋಷಕ್ಕೆ ಅವರು ಒಂದು ಸಲ ಸುಮ್ಮನೆ ಹಾರನ್ ಬಾರಿಸಿದರು.

ಆ ಸಂತೋಷ ತಳಕು ಬರುವವರೆಗೂ ಉಳಿಯಲಿಲ್ಲ. ಕಾರಿನ ಚಾರ್ಜರು ಚುಚ್ಚಿಯೇ ಇತ್ತು, ಆದರೆ ಫೋನಿನಲ್ಲಿ ಚಾರ್ಜು ಏರುವ ಬದಲು ಇಳಿಯುತ್ತಿತ್ತು. ವೈರನ್ನು ಎಡಕ್ಕೆ ಬಗ್ಗಿಸಿದರು, ಬಲಕ್ಕೆ ಬಗ್ಗಿಸಿದರು, ಗೇರಿನ ಮುಂದಿನ ದುಂಡು ತೂತಿಗೆ ಚಾರ್ಜರನ್ನು ಗಟ್ಟಿಯಾಗಿ ಒತ್ತಿದರು. ಏನೂ ಉಪಯೋಗವಾಗಲಿಲ್ಲ. ಬ್ಯಾಟರಿಯ ಗುರುತು ಕೆಂಪಾಯಿತು. ಓಡಿಸುತ್ತ ಅದನ್ನೇ ನೋಡುವುದು ಅಪಾಯವೆಂದು ತಳಕಿನ ಆಚೆ, ಬೇವಿನ ಮರದಡಿಯ ಒಂದು ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು.

ನಿಲ್ಲಿಸಿದ್ದೇ ತಡ, ಫೋನು ಬಡಿದುಕೊಂಡಿತು. "ಅವ್ವಾ, ಚುಕ್ಕಿ ನಿಂತೈತಲ್ಲ! ಏನಾತು?"

"ಏನೂ ಆಗಿಲ್ಲ ಕಣೋ, ಟೀ ಕುಡಿಯಾಕೆ..."

ಅಷ್ಟಕ್ಕೇ ಗಾಜು ಕಪ್ಪಾಯಿತು. ಒತ್ತಿದರು, ಉಜ್ಜಿದರು, ಬಸವಣ್ಣನ ಸಮೇತ ಅಲ್ಲಾಡಿಸಿದರು. ಅದು ಏಳಲಿಲ್ಲ.

ಸುಲೋಚನಮ್ಮ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತರು. ಮಗ ಈಗ ಗಿರಣಿ ಬಿಟ್ಟು ಹೊರಟಿರುತ್ತಾನೆ. ಬಂದು ಕೀಗೆ ಕೈ ಚಾಚುತ್ತಾನೆ. ಬೈಯುವುದಿಲ್ಲ, ನಗುತ್ತಾನೆ, ಅದೇ ಹೆಚ್ಚು ನೋವು. ಆಮೇಲೆ ಶೇಂಗಾದ ಕತೆಯ ಜೊತೆ ಈ ಕತೆಯನ್ನೂ ಸೇರಿಸಿ ಹೇಳುತ್ತಾನೆ. ಅಕ್ಕ ಮುಂದಿನ ಸೀಟಿನಲ್ಲಿ ಕೂರುವುದು ಇನ್ನು ಮಾತಿನಲ್ಲೇ ಉಳಿಯುತ್ತದೆ.

ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೊರಗೆ ನೋಡಿದರು. ಬಯಲು ಹಾಗೇ ಇತ್ತು, ಗಾಳಿ ಹಾಗೇ ಬೀಸುತ್ತಿತ್ತು. ಈ ಗಳಿಗೆಯಲ್ಲಿ ತಾನು ಎಲ್ಲಿದ್ದೇನೆಂದು ತನ್ನ ಮನೆಯವರೊಬ್ಬರಿಗೂ ಕಾಣುತ್ತಿಲ್ಲ ಎಂಬುದು ಆಗ ಹೊಳೆಯಿತು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಒಳಗೆ ಏನೋ ಹಿಗ್ಗು. ಆ ಹಿಗ್ಗಿನಲ್ಲೇ ಫೋನನ್ನು ಬಸವಣ್ಣನಿಂದ ಬಿಡಿಸಿಕೊಂಡು ಕೆಳಗಿಳಿದರು.

ಅಂಗಡಿಯ ಸೂರಮ್ಮ ಸೌಟು ಹಿಡಿದುಕೊಂಡೇ ಬಂದು ತೆಲುಗು ಬೆರೆಸಿ ಕೇಳಿದಳು. "ಏಮೈಂದಮ್ಮಾ? ಗಾಡಿ ಕೆಟ್ಟೋಯ್ತಾ?"

"ಗಾಡಿ ಚೆನ್ನಾಗೈತೆ ಕಣವ್ವ, ಫೋನ್ ಸತ್ತೈತೆ" ಎನ್ನುತ್ತ ಸುಲೋಚನಮ್ಮ ಫೋನನ್ನು ಬಿಸಿಲಿಗೆ ಹಿಡಿದರು. ಬಾಯಲ್ಲಿ ಏನೋ ತುಂಬಿಕೊಂಡಿದೆ ಎಂದ ಆಯೇಷಾಳ ಮಾತು ನೆನಪಿತ್ತು. ಕನ್ನಡಕ ಏರಿಸಿ ಒಳಗೆ ಇಣುಕಿದರು. ಬೆಳ್ಳಗೆ ಗಟ್ಟಿಯಾಗಿ ಏನೋ ಕೂತಿತ್ತು. ಉಗುರಿನ ತುದಿಯಿಂದ ಕೆರೆದು ಮೂಸಿದರು.

ವಿಭೂತಿ!

ಆಯುಧ ಪೂಜೆಯ ದಿನ ಕಣ್ಣ ಮುಂದೆ ಬಂತು. ಗಿರಣಿಯ ಯಂತ್ರ, ತಕ್ಕಡಿ, ಬೈಕು, ಕಾರು, ಎಲ್ಲಕ್ಕೂ ಪೂಜೆಯಾದ ಮೇಲೆ ಕೊಟ್ಟೂರಪ್ಪನವರು ಹೆಂಡತಿಯ ಫೋನು, ಮಗನ ಫೋನು ಎರಡನ್ನೂ ತಟ್ಟೆಯಲ್ಲಿಟ್ಟಿದ್ದರು. ಗಾಜಿಗೆ ಹಚ್ಚಿದರೆ ಇವರು ಒರೆಸಿಬಿಡುತ್ತಾರೆಂದು, ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಕೆಳಗಿನ ಅಂಚಿಗೆ, ಭಕ್ತಿಯಿಂದ, ಒತ್ತಿ ಒತ್ತಿ ಬಳಿದಿದ್ದರು. ಅದು ಒಣಗಿತು. ಅಮ್ಮ ಮಗ ಇಬ್ಬರೂ ದಿನಾ ವೈರು ಚುಚ್ಚಿ ಚುಚ್ಚಿ ಅದನ್ನು ಇನ್ನಷ್ಟು ಒಳಕ್ಕೆ ದೂಡಿದರು. ಕಾರಿನ ಆ ದುಂಡು ತೂತನ್ನೂ ಯಜಮಾನರು ವಿಭೂತಿ ಬಳಿಯದೆ ಬಿಟ್ಟಿರಲಿಲ್ಲ.

ಸುಲೋಚನಮ್ಮ ಎಷ್ಟು ಜೋರಾಗಿ ನಕ್ಕರೆಂದರೆ ಸೂರಮ್ಮ ಹೆದರಿ ಒಂದು ಹೆಜ್ಜೆ ಹಿಂದಕ್ಕೆ ಹೋದಳು.

ವಿಭೂತಿಯ ಮೊಂಡುತನ ಸುಲೋಚನಮ್ಮನವರಿಗೆ ಹೊಸದಲ್ಲ. ಗಂಡನ ಲಿಂಗದ ಕರಡಿಗೆಯ ಸಂದಿಗಳಲ್ಲಿ ಅದು ಹೀಗೆಯೇ ಕೂರುತ್ತದೆ, ಪ್ರತಿ ಶಿವರಾತ್ರಿಗೂ ಅದನ್ನು ಬಿಡಿಸುವವರು ಅವರೇ. ನೀರು ತಾಗಿಸಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಒಣಕಡ್ಡಿಯಿಂದ ಅಂಚು ಬಿಡಿಸಿ, ತಲೆಕೆಳಗು ಮಾಡಿ ತಟ್ಟಬೇಕು. ಸೂರಮ್ಮನಿಂದ ಕಸಬರಿಗೆಯ ಒಂದು ಕಡ್ಡಿ ಇಸಿದುಕೊಂಡು, ಬೇವಿನ ನೆರಳಲ್ಲಿ ಕೂತು, ಅವಸರ ಮಾಡದೆ ಕೆರೆದರು, ತಟ್ಟಿದರು, ಊದಿದರು. ಬೆಳ್ಳನೆಯ ಚೂರುಗಳು ಅಂಗೈಗೆ ಉದುರಿದವು. ಕಾರು ಬಂದ್ ಮಾಡಿ ದುಂಡು ತೂತನ್ನೂ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದರು. ಮತ್ತೆ ಸ್ಟಾರ್ಟ್ ಮಾಡಿ ವೈರು ಚುಚ್ಚಿದರೆ ಟಕ್ಕೆಂದು ಪೂರಾ ಒಳಗೆ ಹೋಯಿತು. ಬಗ್ಗಿಸುವ, ಗುಂಡು ಹೇರುವ ಗೋಜೇ ಇಲ್ಲದೆ ಚಾರ್ಜಿನ ಗುರುತು ಮೂಡಿತು.

ಸೂರಮ್ಮ ಕೊಟ್ಟ ಟೀ ಮುಗಿಯುವಷ್ಟರಲ್ಲಿ ಫೋನು ಎದ್ದಿತು. ಮಗನ ಮೆಸೇಜು ಕಾದಿತ್ತು: ಅಲ್ಲೇ ಇರು, ಬಸ್ಸಿನಲ್ಲಿ ಬರುತ್ತಿದ್ದೇನೆ, ಕಾರು ನಾನೇ ಓಡಿಸಿಕೊಂಡು ಬರುತ್ತೇನೆ. ಬೈಕು ಬಿಟ್ಟು ಬಸ್ಸು ಹತ್ತಿದ್ದಾನೆಂದರೆ ಕೀ ಕಸಿಯುವುದು ಖಾತ್ರಿ. ಸುಲೋಚನಮ್ಮ ಒಂದು ಗಳಿಗೆ ಯೋಚಿಸಿದರು. ಶರತ್ತಿನ ಪ್ರಕಾರ ತಾನು ಸೋತದ್ದು ಸೋತದ್ದೇ, ಸುಳ್ಳು ಹೇಳುವುದಿಲ್ಲ. ಆದರೆ ಸೋತವಳು ಇಲ್ಲೇ ಕೂತಿರಬೇಕೆಂದು ಯಾರೂ ಹೇಳಿಲ್ಲವಲ್ಲ? ಲೊಕೇಶನ್ ಮತ್ತೆ ಹಾಕಿದರು. "ಕೀ ಬೇಕಂದ್ರೆ ಮೊಳಕಾಲ್ಮೂರಿಗೆ ಬಾ" ಎಂದು ಮೈಕಿಗೆ ಹೇಳಿ ಕಳಿಸಿದರು. ಫೋನನ್ನು ಮತ್ತೆ ಬಸವಣ್ಣನ ಡುಬ್ಬಕ್ಕೆ ಕಟ್ಟಿ ಹೊರಟೇಬಿಟ್ಟರು.

ಬಿ.ಜಿ. ಕೆರೆ ಹಿಂದೆ ಬಿತ್ತು. ಹಾನಗಲ್ ಕ್ರಾಸಿನಲ್ಲಿ ಸರಿಯಾಗಿ ಇಂಡಿಕೇಟರ್ ಹಾಕಿ ತಿರುಗಿದರು. ಬಂಡೆಯ ಗುಡ್ಡಗಳು ಎದುರಾದವು, ಮಗ್ಗದ ಸದ್ದಿನ ಬೀದಿ ಬಂತು. ಜಗುಲಿಯ ಮೇಲಿದ್ದ ಶಾರದಮ್ಮ ಕಾರನ್ನು ನೋಡಿ, ಓಡಿಸುವವರನ್ನು ನೋಡಿ, ಮಂಡಿಯನ್ನು ಮರೆತು ಎದ್ದು ನಿಂತರು. "ಒಬ್ಳೇ ಬಂದ್ಯೇನೇ? ಒಬ್ಳೇನಾ?" ಅದೊಂದನ್ನೇ ಕೇಳಿದರು. ತಂಗಿಯ ಕೆನ್ನೆ ಹಿಂಡಿದರು. ಇಬ್ಬರೂ ಅತ್ತರು, ಈ ಸಲ ಸಂತೋಷಕ್ಕೆ.

ಅಕ್ಕ ಹಾಕಿದ ಮಂಡಕ್ಕಿ ತಿನ್ನುತ್ತ ಸುಲೋಚನಮ್ಮ ಫೋನು ತೆಗೆದು ಮಗನ ಚುಕ್ಕಿ ಎಲ್ಲಿದೆ ನೋಡಿದರು. ಬಿ.ಜಿ. ಕೆರೆಯಲ್ಲಿತ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರು. ಬಿ.ಜಿ. ಕೆರೆಯಲ್ಲೇ ಇತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಸುಲೋಚನಮ್ಮನವರಿಗೆ ತಟ್ಟನೆ ತಟ್ಟೆಯಲ್ಲಿದ್ದ ಎರಡನೆಯ ಫೋನು ನೆನಪಾಯಿತು. ಬಾಯಿಗೆ ಸೆರಗು ಒತ್ತಿಕೊಂಡರು.

ಬಸ್ಸಿಳಿದು ಅಮರೇಶ ಬೆವರುತ್ತ ಬಂದ. ಬೆಳಗಿನಿಂದ ಅವ್ವನ ಚುಕ್ಕಿಯನ್ನೇ ನೋಡಿ ನೋಡಿ ಫೋನು ಖಾಲಿಯಾಗಿತ್ತು, ಬಸ್ಸಿನಲ್ಲಿದ್ದ ಚಾರ್ಜರಿಗೆ ಚುಚ್ಚಿದರೂ ಹಿಡಿದಿರಲಿಲ್ಲ. ಅವ್ವ ಆರಾಮಾಗಿ ಮಂಡಕ್ಕಿ ತಿನ್ನುವುದನ್ನು ನೋಡಿ ಅವನ ಮುಖ ಸಡಿಲವಾಯಿತು. ಕೋಪದ ಕೆಳಗೆ ಅವನಿಗಿದ್ದದ್ದು ಬರೀ ಭಯ ಎಂದು ಸುಲೋಚನಮ್ಮನವರಿಗೆ ಆಗ ಕಂಡಿತು. ಆದರೂ ಬಿಡಲಿಲ್ಲ.

"ಕೀ ತಗಳಾಕೆ ಬಂದ್ಯಾ?"

"ಮೊದ್ಲು ಚಾರ್ಜರ್ ಕೊಡವ್ವ. ಇದು ಸತ್ತು ಎಷ್ಟೋ ಹೊತ್ತಾತು."

"ಹಂಗಾದ್ರೆ ನಿನ್ನ ಚುಕ್ಕಿನೂ ನಿಂತಿತ್ತು ಅನ್ನು."

ಸುಲೋಚನಮ್ಮ ಅವನ ಫೋನು ತೆಗೆದುಕೊಂಡು, ಅಕ್ಕನ ಕಸಬರಿಗೆಯಿಂದ ಕಡ್ಡಿ ಮುರಿದು, ಅವನೆದುರೇ ಕೆರೆದು ತಟ್ಟಿದರು. ಅಂಗೈ ಮೇಲೆ ಬಿದ್ದ ಬಿಳಿ ಪುಡಿಯನ್ನು ಬೆರಳಲ್ಲಿ ತೆಗೆದು ಮಗನ ಹಣೆಗೆ ಹಚ್ಚಿದರು. "ನಿಮ್ಮಪ್ಪಂದು ಕಣಪ್ಪ. ಇಬ್ರಿಗೂ ಸಮ ಹಂಚ್ಯಾರೆ."

ಶಾರದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮರೇಶನೂ ತಡೆಯಲಾರದೆ ನಕ್ಕ. ಆದರೆ ವ್ಯಾಪಾರಸ್ಥ, ಅಷ್ಟು ಸುಲಭಕ್ಕೆ ಬಿಟ್ಟಾನೆಯೇ? "ಮೊದ್ಲು ನಿಂತಿದ್ದು ನಿನ್ನ ಚುಕ್ಕಿ" ಎಂದ. ಸಾಕ್ಷಿಯನ್ನೇ ಕೇಳೋಣವೆಂದು ಸುಲೋಚನಮ್ಮ ಮನೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಕೊಟ್ಟೂರಪ್ಪ ಎಲ್ಲ ಕೇಳಿಸಿಕೊಂಡು, ತಮ್ಮ ವಿಭೂತಿಯ ವಿಷಯ ಬಂದಾಗ ಒಂದೆರಡು ಸಲ ಕೆಮ್ಮಿ, ತೀರ್ಪು ಕೊಟ್ಟರು.

"ನೋಡ್ಲೇ ಅಮರೇಶ, ಅವಳ ಚುಕ್ಕಿ ಬಿತ್ತು, ಅವಳೇ ಎಬ್ಬಿಸ್ಕೊಂಡು ಊರು ಮುಟ್ಟಿಸಿದ್ಳು. ನಿಂದು ಬಿದ್ದದ್ದು ಅವಳು ಎಬ್ಬಿಸೋ ತನಕ ಏಳ್ಲಿಲ್ಲ. ಕೀ ಅವಳ್ದೇ."

"ನಿಮ್ಮ ಫೋನಿಗೆ ಯಾಕ್ರೀ ಹಚ್ಚಲಿಲ್ಲ?" ಎಂದರು ಸುಲೋಚನಮ್ಮ.

"ಕೈ ಒದ್ದೆ ಇತ್ತು ಕಣೇ. ನನ್ನ ಫೋನ್ ಹಾಳಾದ್ರೆ?" ಎಂದರು ಕೊಟ್ಟೂರಪ್ಪ, ಮತ್ತೆ ಕೆಮ್ಮಿದರು.

ಊಟ ಮುಗಿಸಿ, ಅಕ್ಕನನ್ನೂ ಕರೆದುಕೊಂಡು ಚಳ್ಳಕೆರೆಗೆ ಹೊರಟರು. ಶಾರದಮ್ಮ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಸಿಕೊಂಡರು. ಬೀದಿಯವರೆಲ್ಲ ನೋಡಲೆಂದು ಕಿಟಕಿಯ ಗಾಜು ಇಳಿಸಿಕೊಂಡರು. ಅಮರೇಶ ಹಿಂದೆ, ಅಕ್ಕನ ಚೀಲಗಳ ನಡುವೆ. ಹಾನಗಲ್ ಕ್ರಾಸಿನಲ್ಲಿ "ಅವ್ವಾ, ಲಾರಿ ಬರ್ತೈತೆ" ಎಂದ. "ಕಾಣ್ತೈತೆ" ಎಂದರು ಸುಲೋಚನಮ್ಮ. ತಳಕಿನ ಹತ್ತಿರ ಬೇವಿನ ಮರದಡಿ ನಿಲ್ಲಿಸಿ ಎಲ್ಲರಿಗೂ ಟೀ ಕೊಡಿಸಿದರು. ಸೂರಮ್ಮ ಕಾರಿನೊಳಗೆ ಇಣುಕಿ, ಫೋನು ಹೊತ್ತ ಬಸವಣ್ಣನಿಗೆ ಕೈ ಮುಗಿದಳು. ಚಳ್ಳಕೆರೆ ಬರುವ ಮೊದಲೇ ಅವ್ವನ ಹಿಂದಿನ ಸೀಟಿನಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ. ಭಯವಿದ್ದವನಿಗೆ ಅಂಥ ನಿದ್ದೆ ಬರುವುದಿಲ್ಲ.

ಆ ದಿನದಿಂದ ಕಾರಿನ ಕೀ ಮೊಳೆಯಲ್ಲೂ ಇಲ್ಲ, ಅಮರೇಶನ ಜೇಬಿನಲ್ಲೂ ಇಲ್ಲ. ಬೀರು, ಉಗ್ರಾಣ, ಹಿತ್ತಿಲ ಬಾಗಿಲಿನ ಕೀಗಳ ಜೊತೆ ಸುಲೋಚನಮ್ಮನವರ ಸೊಂಟದ ಗೊಂಚಲಿನಲ್ಲಿ ತೂಗುತ್ತದೆ. ಅಮರೇಶನಿಗೆ ಕಾರು ಬೇಕಾದರೆ ಅವ್ವನನ್ನು ಕೇಳಬೇಕು. ಕೇಳಿದರೆ ಇಲ್ಲವೆನ್ನುವುದಿಲ್ಲ, ಲೊಕೇಶನ್ ಹಾಕಿಕೊಂಡು ಹೋಗಬೇಕು, ಅಷ್ಟೇ.